ನೀರು ನಿಂತ ಜಾಗ ಯಾರಿಗೆ ಗೊತ್ತು?



ಸಂಸ್ಥಾಪನಾ ದಿನದಂದು ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆಯ ಉಪದೇಶ ತಪ್ಪಿದ್ದಲ್ಲ ಎಂದು ಊಟದ ಪಂಕ್ತಿಯತ್ತ ನೋಡುತ್ತಿರುವವರಿಗೆ ಅಭಯ ಕೊಡುತ್ತೇವೆ. ಇಂದು ನಮ್ಮ ಮಾತು ನಕ್ಷೆಯ ಬಗ್ಗೆ.

2024ರ ಏಪ್ರಿಲ್ 16 ನಮಗಾರಿಗೂ ಮರೆತಿಲ್ಲ. ಅಲ್ ಐನ್ ಪ್ರದೇಶದ ಖತಂ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಮಳೆ ಸುರಿಯಿತು. 1949ರಲ್ಲಿ ದಾಖಲೆ ಇಡಲು ತೊಡಗಿದ ಮೇಲೆ ಈ ದೇಶ ಅಂಥ ಮಳೆ ಕಂಡಿರಲಿಲ್ಲ. ಆಗುಂಬೆಯವರು ಇದನ್ನು ಆಷಾಢದ ಒಂದು ಜೋರು ದಿನ ಎಂದಾರು. ದುಬೈನಲ್ಲಿ ವಿಮಾನ ನಿಲ್ದಾಣವೇ ಕೆರೆಯಾಯಿತು.

ಆ ರಾತ್ರಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶಗಳಿಗೆ ಬರವಿರಲಿಲ್ಲ. "ಸೇತುವೆ ಕೆಳಗೆ ನೀರಿದೆ, ಹೋಗಬೇಡಿ." ಯಾವ ಸೇತುವೆ? ಎಷ್ಟು ಹೊತ್ತಿನ ಮಾತು? ಮಧ್ಯಾಹ್ನದ ಸುದ್ದಿ ನಡುರಾತ್ರಿ ಹೊಸದಾಗಿ ಬರುತ್ತಿತ್ತು. ನಮಗೆ ಪರಿಚಿತರಾದ ಹಿರಿಯರೊಬ್ಬರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದು ತಡವಾದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಅವರ ಮಗ ಮೂರು ದಾರಿ ಹಿಡಿದು ಮೂರರಿಂದಲೂ ಹಿಂದಿರುಗಿದ. ನಾಲ್ಕನೆಯ ದಾರಿ ತೆರೆದಿತ್ತು. ಆಗಷ್ಟೇ ಅದರಲ್ಲಿ ಬಂದಿದ್ದ ನಮ್ಮವರೇ ಒಬ್ಬರು ಪಕ್ಕದ ಕಟ್ಟಡದಲ್ಲಿದ್ದರು! ಹಿರಿಯರು ಮರುದಿನ ಸಂಜೆ ಆಸ್ಪತ್ರೆ ತಲುಪಿದರು, ಬದುಕಿದರು. ಆದರೆ ಆ ಒಂದು ದಿನದ ಲೆಕ್ಕ ಇಂದಿಗೂ ನಮ್ಮ ನಿದ್ದೆ ಕೆಡಿಸುತ್ತದೆ.

ಆಕಾಶದ ಉಪಗ್ರಹದ ಕ್ಯಾಮೆರಾಕ್ಕೆ ಮಳೆಯ ದಿನ ಮೋಡ ಅಡ್ಡ. ಮೋಡ ಸರಿದರೂ ಸೇತುವೆಯ ಅಡಿ ಕಾಣದು. ಅದು ಗೊತ್ತಿರುವುದು ಅಲ್ಲಿ ನಿಂತವನಿಗೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಅಂಥವರ ಅರಿವನ್ನೇ ನಂಬಿದ ನಕ್ಷೆ. ಯಾರು ಬೇಕಾದರೂ ಅದರಲ್ಲಿ ರಸ್ತೆ ಬರೆಯಬಹುದು, ತಪ್ಪು ತಿದ್ದಬಹುದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ದೂರದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಪೋರ್ಟ್ ಓ ಪ್ರಿನ್ಸಿನ ಬೀದಿಗಳನ್ನು ಬಿಡಿಸಿಕೊಟ್ಟರು. ಪರಿಹಾರ ತಂಡಗಳು ಅದನ್ನೇ ಹಿಡಿದು ನಡೆದವು. 2015ರ ಚೆನ್ನೈ ನೆರೆಯಲ್ಲಿ ಊರಿನವರೇ ಮುಳುಗಿದ ರಸ್ತೆಗಳನ್ನು ಇದೇ ನಕ್ಷೆಯ ಮೇಲೆ ಗುರುತಿಸಿದರು.

ನಮ್ಮಿಂದಲೂ ಆಗದ ಕೆಲಸವೇನಲ್ಲ. ಜಾಗ, ಹೊತ್ತು, ಆಳ, ಇಷ್ಟು ಹೇಳಿದರೆ ಸಾಕು. ಆಳಕ್ಕೆ ಅಳತೆಗೋಲು ಬೇಡ: ಪಾದ, ಮೊಣಕಾಲು, ಸೊಂಟ. ಸರಕಾರದ ಎಚ್ಚರಿಕೆಯೇ ಮೊದಲು. ಕಣ್ಣಾರೆ ಕಾಣದ್ದನ್ನು ಹಂಚಬೇಡಿ, ವದಂತಿಯ ವಿಷಯದಲ್ಲಿ ಇಲ್ಲಿಯ ಕಾನೂನು ಕಠಿಣ. ಇನ್ನೊಂದು ಮಾತನ್ನು ವೈದ್ಯರಾಗಿ ಒತ್ತಿ ಹೇಳುತ್ತೇವೆ. ರಸ್ತೆ ಎಲ್ಲರ ನಕ್ಷೆಗೆ ಸೇರಲಿ, ರೋಗಿಯ ಮನೆ ಸೇರಬಾರದು. ಡಯಾಲಿಸಿಸ್, ಆಮ್ಲಜನಕ, ತುಂಬು ಗರ್ಭಿಣಿ, ಇವರ ವಿವರ ಒಪ್ಪಿಗೆ ಪಡೆದು ಸಂಘದ ಇಬ್ಬರ ಬಳಿ ಮಾತ್ರ ಇರಲಿ.

998ಕ್ಕೆ ಕರೆಮಾಡಿ "ಮಸೀದಿ ಎದುರು, ಸೂಪರ್‌ಮಾರ್ಕೆಟ್ ಹಿಂದೆ" ಎನ್ನುವ ನಮ್ಮವರ ಅಭ್ಯಾಸ ಬಲ್ಲೆವು. ದುಬೈನ ಕಟ್ಟಡಗಳ ಬಾಗಿಲಲ್ಲಿ ಹತ್ತು ಅಂಕಿಯ ಮಕಾನಿ ಸಂಖ್ಯೆ ಇದೆ, ಅಬುಧಾಬಿಯಲ್ಲಿ ಓನ್ವಾನಿ ಫಲಕವಿದೆ. ಇಂದು ರಾತ್ರಿ ಮನೆಗೆ ಹೋದಾಗ ಮಕ್ಕಳಿಂದ ಓದಿಸಿ, ಬರೆದು ಫ್ರಿಜ್ಜಿಗೆ ಅಂಟಿಸಿ.

ಸಭಾಂಗಣದ ಬಾಗಿಲ ಬಳಿ ಮೇಜಿನ ಮೇಲೆ ಕರಾಮಾ, ಬುರ್ ದುಬೈ, ಅಲ್ ನಹ್ದಾ, ಮುಸಫ್ಫಾಗಳ ದೊಡ್ಡ ನಕ್ಷೆಗಳನ್ನು ಹರಡಿದ್ದೇವೆ, ಪೆನ್ಸಿಲೂ ಇದೆ. ಆ ಏಪ್ರಿಲ್‌ನಲ್ಲಿ ನಿಮ್ಮ ಬೀದಿಯಲ್ಲಿ ನೀರು ಎಲ್ಲಿ ನಿಂತಿತ್ತು, ಎಷ್ಟು ದಿನ ನಿಂತಿತ್ತು, ಗುರುತು ಹಾಕಿ. ಆಮೇಲೆ ಊಟಕ್ಕೆ ದಯಮಾಡಿಸಿ.