ಆಟಿಸಂ ಮಕ್ಕಳು ಮತ್ತು ವರ್ತನಾ ಚಿಕಿತ್ಸೆ
(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಎರಡೂವರೆ ವರ್ಷವಾದರೂ ಮಗು 'ಅಮ್ಮಿ' ಎನ್ನದಿದ್ದರೆ ನಮ್ಮ ಮನೆಗಳಲ್ಲಿ ದಾದಿ ಹೇಳುವ ಮಾತು ಒಂದೇ: "ಅವನ ಅಬ್ಬಾನೂ ತಡವಾಗಿಯೇ ಮಾತಾಡಿದ." ಎಷ್ಟೋ ಸಲ ಅದು ನಿಜವೂ ಆಗುತ್ತದೆ. ಆದರೆ ತಡವಾದದ್ದು ಮಾತು ಮಾತ್ರವೋ, ಬೇರೇನಾದರೂ ಇದೆಯೋ ನೋಡಬೇಕು. ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ? ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ? ಆಟದ ಗಾಡಿಯನ್ನು ಓಡಿಸುವುದು ಬಿಟ್ಟು ಅದರ ಗಾಲಿಯನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆಯೇ? ಇಂಥವು ಒಟ್ಟಾಗಿ ಕಂಡರೆ ಕಾಯಬಾರದು. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಕ್ಕಳ ತಜ್ಞರ ಭೇಟಿ. ದರ್ಗಾಕ್ಕೆ ಹೋಗಿ ದುಆ ಬೇಡುವವರನ್ನು ನಾನು ತಡೆಯುವುದಿಲ್ಲ. ಆಸ್ಪತ್ರೆಯ ದಾರಿಯನ್ನು ಮಾತ್ರ ಮುಂದಿನ ವರ್ಷಕ್ಕೆ ಹಾಕಬೇಡಿ.

ಆಟಿಸಂ ಅನ್ನು 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ನೋಡಿ ವಿವರಿಸಿದರು. ತಾಯಿಯ ಪ್ರೀತಿ ಕಡಿಮೆಯಾಗಿ ಹೀಗಾಯಿತೆಂದು ಆಮೇಲೆ ಬಹಳ ವರ್ಷ ತಾಯಂದಿರನ್ನೇ ದೂರಿದರು. ಅದು ಸುಳ್ಳೆಂದು ತಿಳಿದು ಎಷ್ಟೋ ಕಾಲವಾಯಿತು, ನಮ್ಮ ಓಣಿಗಳಲ್ಲಿ ಇನ್ನೂ ಸೊಸೆಯನ್ನು ದೂರುವುದು ನಿಂತಿಲ್ಲ. ಲಸಿಕೆಯಿಂದ ಬರುತ್ತದೆ ಎಂಬ ಭಯ ಹಬ್ಬಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ.

ಇದನ್ನು ಗುಣಪಡಿಸುವ ಗುಳಿಗೆ ಇಲ್ಲ. ಕಲಿಸುವುದೇ ಇದರ ಮುಖ್ಯ ಚಿಕಿತ್ಸೆ, ಅದರಲ್ಲಿ ಒಂದು ವರ್ತನಾ ಚಿಕಿತ್ಸೆ. ಅದರ ಮೂಲ ಸರಳ. ಮಗು ಮಾಡುವ ಪ್ರತಿ ಕೆಲಸಕ್ಕೂ ಮೊದಲು ಏನೋ ನಡೆದಿರುತ್ತದೆ, ನಂತರವೂ ಏನೋ ನಡೆಯುತ್ತದೆ. ಈ ಮೂರನ್ನೂ ಬರೆದಿಡಿ. ಅಂಗಡಿಯ ಮುಂದೆ ಮಗು ನೆಲಕ್ಕೆ ಬಿದ್ದು ಅಳುತ್ತದೆ ಎಂದುಕೊಳ್ಳಿ. ನಾಚಿಕೆಯಿಂದ ನಾವು ಬಿಸ್ಕಿಟ್ ಕೊಡುತ್ತೇವೆ, ಅಳು ನಿಲ್ಲುತ್ತದೆ. ನೆಲಕ್ಕೆ ಬಿದ್ದರೆ ಬಿಸ್ಕಿಟ್ ಸಿಗುತ್ತದೆ ಎಂದು ನಾವೇ ಪಾಠ ಹೇಳಿಕೊಟ್ಟಂತಾಯಿತು. ಇನ್ನೊಂದು ಮಗು ಅದೇ ರೀತಿ ಕಿವಿ ಮುಚ್ಚಿ ಚೀರುತ್ತದೆ, ಆದರೆ ಪಕ್ಕದಲ್ಲಿ ಕಲ್ಲು ಪಾಲಿಶ್ ಮಾಡುವ ಮಷೀನ್ ಶುರುವಾಗಿರುತ್ತದೆ. ಶಹಾಬಾದ್ ಕಲ್ಲಿನ ಈ ಸೀಮೆಯಲ್ಲಿ ಆ ಸದ್ದು ನಮಗೆ ಕೇಳಿಸುವುದೇ ಇಲ್ಲ, ಅಷ್ಟು ರೂಢಿ. ಆ ಮಗುವಿಗೆ ಅದು ನೋವು. ಎರಡೂ ಕಡೆ ಅಳು ಒಂದೇ, ಕಾರಣ ಬೇರೆ, ಉಪಾಯವೂ ಬೇರೆ. ಮೊದಲನೆಯದಕ್ಕೆ ಕೈ ಚಾಚಿಯೋ ಚಿತ್ರ ತೋರಿಸಿಯೋ ಬಿಸ್ಕಿಟ್ ಕೇಳುವುದನ್ನು ಕಲಿಸಬೇಕು, ಹಾಗೆ ಕೇಳಿದ ಕೂಡಲೇ ಕೊಡಬೇಕು. ಎರಡನೆಯದನ್ನು ಆ ಸದ್ದಿನಿಂದ ದೂರ ಕರೆದೊಯ್ಯಬೇಕು. ಎರಡಕ್ಕೂ ಹೊಡೆತ ಉತ್ತರವಲ್ಲ.

ಹೊಸ ಕೆಲಸ ಕಲಿಸುವಾಗ ಅದನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಪೈಜಾಮ ಹಾಕುವುದನ್ನೇ ನೋಡಿ. ಮಂಡಿಯವರೆಗೆ ಅಮ್ಮಿ ಹಾಕಲಿ, ಸೊಂಟಕ್ಕೆ ಎಳೆದುಕೊಳ್ಳುವುದಷ್ಟನ್ನು ಮಗು ಮಾಡಲಿ. ಅದು ಬಂದ ಮೇಲೆ ಪಾದದಿಂದ ಎಳೆದುಕೊಳ್ಳಲಿ. ಕೊನೆಯ ತುಂಡಿನಿಂದ ಹಿಂದಕ್ಕೆ ಬಂದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗುತ್ತದೆ.

ಇದು ಅಮೆರಿಕದ ವಿದ್ಯೆ, ನಮಗೆಲ್ಲಿ ಬರುತ್ತದೆ ಎನ್ನಬೇಡಿ. ವಾಡಿಯಲ್ಲಿ ರೈಲು ಹತ್ತಿ ಚಿತ್ತಾಪುರ, ಸೇಡಂ, ತಾಂಡೂರು ದಾಟಿದರೆ ಸಿಕಂದರಾಬಾದ್. ಅಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಗೆ ಈಗ ಎನ್‌ಐಇಪಿಐಡಿ ಎಂದು ಹೆಸರು. ಅಲ್ಲಿಯ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದ ಭಾರತೀಯ ಮಕ್ಕಳಿಗಾಗಿ ಒಂದು ಅಳತೆಪಟ್ಟಿ ಮಾಡಿದರು. ಮೊದಲ ಭಾಗದಲ್ಲಿ ಮಗುವಿಗೆ ಏನೇನು ಬರುತ್ತದೆ ಎಂಬ 280 ಅಂಶ, ಎರಡನೆಯದರಲ್ಲಿ ತೊಂದರೆಯ ವರ್ತನೆಗಳ 75 ಅಂಶ. ಬರುವುದನ್ನು ಮೊದಲು, ತೊಂದರೆಯನ್ನು ಆಮೇಲೆ ಬರೆಯುವ ಈ ಕ್ರಮ ನನಗೆ ಬಹಳ ಹಿಡಿಸಿದೆ. ನಮ್ಮ ಶಿಕ್ಷಕ ಮಿತ್ರರೂ ಇದನ್ನು ಗಮನಿಸಲಿ.

ಈ ಚಿಕಿತ್ಸೆಯ ಇನ್ನೊಂದು ಮುಖವನ್ನೂ ಹೇಳಬೇಕು. ಲೋವಾಸ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ, ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಂದಿ ಉಳಿದ ಮಕ್ಕಳ ಸಮಕ್ಕೆ ಬಂದರೆಂದು ಪ್ರಕಟಿಸಿದರು. ಅದರಿಂದ ಜಗತ್ತಿನಲ್ಲೆಲ್ಲ ಆಸೆ ಹುಟ್ಟಿತು. ಆದರೆ ಅವರ ಪದ್ಧತಿಯಲ್ಲಿ ಗದರುವುದು, ಹೊಡೆಯುವುದೂ ಇತ್ತು. ಆಟಿಸಂ ಇದ್ದು ಬೆಳೆದು ದೊಡ್ಡವರಾದ ಹಲವರು, ತಮ್ಮನ್ನು ಬೇರೆಯವರಂತೆ ನಟಿಸಲು ತಿದ್ದಿದರೆಂದು ಇಂದು ನೊಂದು ಹೇಳುತ್ತಾರೆ. ಅವರ ಮಾತು ಕೇಳಬೇಕು. ಮಗು ಖುಷಿಯಿಂದ ಕೈ ಬಡಿದರೆ ಯಾರಿಗೇನು ನಷ್ಟ? ಬಿಡಿ. ಗೋಡೆಗೆ ತಲೆ ಚಚ್ಚಿಕೊಂಡರೆ ಮಾತ್ರ ಕಾರಣ ಹುಡುಕಿ ನಿಲ್ಲಿಸಬೇಕು. ಇಷ್ಟು ತಿಂಗಳಲ್ಲಿ ಗುಣ ಮಾಡುತ್ತೇನೆ ಎಂದು ಹಣ ಕೇಳುವವರಿಂದ ದೂರವಿರಿ.

ವಾರಕ್ಕೆ 40 ಗಂಟೆ ತಜ್ಞರನ್ನು ಭಂಕೂರಿನಲ್ಲಿ ಎಲ್ಲಿಂದ ತರುವುದು? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ಪಾಲಕರಿಗೆ ಕಲಿಸಿದರು. ಪಾಲಕರು ಮಗುವಿನ ಗಮನವನ್ನು ಹಿಂಬಾಲಿಸಿ ಆಡುವುದನ್ನು ಕಲಿತರು, ಮಕ್ಕಳು ತಾವಾಗಿಯೇ ಪಾಲಕರ ಕಡೆ ಬರುವುದು ಹೆಚ್ಚಿತು. ಎಲ್ಲ ಅಳತೆಯಲ್ಲೂ ಗೆಲುವಾಗಲಿಲ್ಲ. ಆದರೂ ಹತ್ತನೆಯ ತರಗತಿ ಓದಿದ ನಮ್ಮ ಹುಡುಗಿಯರು ತರಬೇತಿ ಪಡೆದರೆ ಇಂಥ ಕೆಲಸ ಮಾಡಬಹುದು ಎಂಬ ಧೈರ್ಯ ನನಗೆ ಬಂದದ್ದು ಇದರಿಂದಲೇ.

ಇನ್ನೊಂದು ಮಾತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಆದ್ದರಿಂದ ಒಂದನ್ನು ಬಿಟ್ಟುಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಎರಡು ಭಾಷೆಯಿಂದ ಇಂಥ ಮಕ್ಕಳ ಮಾತು ಹಾಳಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಮ್ಮಿ ತನಗೆ ಬಾರದ ಭಾಷೆಯಲ್ಲಿ ತಡವರಿಸಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಮನೆಮಾತಿನಲ್ಲೇ ಮಾತಾಡಿಸಿ.

ಕಾನೂನಿನ ವಿಷಯ ಚಿಕ್ಕದಾಗಿ. 1995ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೇರಿದೆ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ.

ಮಗುವಿಗೆ ಆಗಲೇ 12 ವರ್ಷವಾಗಿದೆ, ತಡವಾಯಿತೇ ಎಂದು ಸಭೆಗೆ ಮೊದಲು ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ. ಅಕ್ಕಾ, ಕಲಿಯುವ ವಯಸ್ಸು ಮುಗಿಯುವುದಿಲ್ಲ. ಈಗ ಅಕ್ಷರಕ್ಕಿಂತ ಮೊದಲು ಸ್ನಾನ, ಬಾಗಿಲು ಹಾಕಿ ಬಟ್ಟೆ ಬದಲಿಸುವುದು, ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಸಾಮಾನು ತರುವುದು, ಯಾರಾದರೂ ಮುಟ್ಟಿದರೆ 'ಬೇಡ' ಎನ್ನುವುದು ಕಲಿಸಿ. ಮತ್ತು 18 ತುಂಬಿದ ಮೇಲೆ ಪಾಲಕತ್ವ ತಾನಾಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅದರ ಕಾಗದಪತ್ರಗಳನ್ನು ಈಗಿನಿಂದಲೇ ಒಂದು ಫೈಲಿನಲ್ಲಿ ಕೂಡಿಸಿಡಿ.