ಬಿಳಿ ಬಿಡುವುದು, ನೀರು ಬಿಡುವುದು

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಆಡಿದ ಮಾತುಗಳು)



ಗೋಡೆಯ ಮೇಲಿನ ಚಿತ್ರಗಳನ್ನು ತಾವೆಲ್ಲ ನೋಡಿದಿರಿ. ನಮ್ಮ ಐದನೇ ತರಗತಿಯ ಮಕ್ಕಳು ಶಾಲೆಯ ಹಿಂದಿನ ನಾಗಬನವನ್ನು, ಹೊರಗೇ ಕುಳಿತು, ಜಲವರ್ಣದಲ್ಲಿ ಬರೆದಿದ್ದಾರೆ. "ಇದರಿಂದ ಏನು ಪ್ರಯೋಜನ ಮಾಷ್ಟ್ರೇ?" ಎಂದು ಒಬ್ಬರು ಕೇಳಿದರು. ಅದಕ್ಕೇ ಈ ನಾಲ್ಕು ಮಾತು.

ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಉಳಿಸಿಕೊಳ್ಳುತ್ತಾರೆ. ಎಲೆಗಳ ನಡುವೆ ಬಿಸಿಲು ಇಣುಕಬೇಕಾದರೆ ಅಷ್ಟು ಕಾಗದವನ್ನು ಖಾಲಿ ಬಿಡಬೇಕು. ಮೊದಲು ಒದ್ದೆ ಕಾಗದದ ಮೇಲೆ ದೂರದ ಮರಗಳ ತೆಳು ಬಣ್ಣ. ಅದು ಒಣಗಿದ ಮೇಲೆ ಹತ್ತಿರದ ಕಾಂಡ, ಬಳ್ಳಿ, ದಟ್ಟ ನೆರಳು. ಹಸಿರು ಕಣ್ಣಿಗೆ ಹೊಡೆಯುವಂತಿದ್ದರೆ ಚೂರು ಕೆಂಪು ಬೆರೆಸಿದರೆ ತಗ್ಗುತ್ತದೆ. ಒಮ್ಮೆ ದಟ್ಟವಾದ ಬಣ್ಣವನ್ನು ತೆಳು ಮಾಡುವುದು ಕಷ್ಟ.

ಕಳೆದ ವರ್ಷ ಇದೇ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರೊಬ್ಬರು ಈ ಪಾಠ ಮಾಡಿದರು. ಅವರು ಒಳ್ಳೆಯ ಚಿತ್ರಕಾರರು. "ವೆಳ್ಳ ವಿಡಣಂ" ಎಂದರು. ಬಿಳಿ ಬಿಡಬೇಕು ಎಂದರ್ಥ. ಒಬ್ಬ ಹುಡುಗಿಗೆ ಕೇಳಿಸಿದ್ದು "ವೆಳ್ಳಂ". ಅಂಗಡಿಯಲ್ಲಿ, ಬಸ್ಸಿನಲ್ಲಿ ಕೇಳಿ ಅವಳಿಗೆ ಗೊತ್ತಿದ್ದ ಮಾತು: ನೀರು. ನೀರು ಬಿಟ್ಟಳು! ಬನವೆಲ್ಲ ಹರಿದುಹೋಯಿತು. ಬೈಸಿಕೊಂಡವಳು ವರ್ಷವಿಡೀ ಕುಂಚ ಮುಟ್ಟಲಿಲ್ಲ.

ನಾನು ಮಲಯಾಳವನ್ನು ದೂರುತ್ತಿಲ್ಲ; ಮಕ್ಕಳು ಅದನ್ನೂ ಚೆನ್ನಾಗಿ ಕಲಿಯಲಿ. ಆದರೆ ಚಿತ್ರದ ಪಾಠದಲ್ಲೇ ಹೀಗಾದರೆ ಗಣಿತ, ವಿಜ್ಞಾನಗಳ ಗತಿಯೇನು? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಕನ್ನಡ ಬಲ್ಲ ಅಧ್ಯಾಪಕರಿಲ್ಲದೆ ಆ ಸೌಲಭ್ಯಕ್ಕೆ ಅರ್ಥವಿಲ್ಲ.

ಈ ವರ್ಷ ಪಾಠವನ್ನು ಕನ್ನಡದಲ್ಲಿ ಮಾಡಿದೆವು. ಬಾಗಿಲ ಪಕ್ಕದ ಮೂರನೆಯ ಚಿತ್ರ ಆ ಹುಡುಗಿಯದೇ. ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ಬಿಳಿ ಉಳಿದಿದೆ.

ತಮ್ಮಲ್ಲಿ ಎರಡು ವಿನಂತಿ. ಹುದ್ದೆ ತೆರವಾದಾಗ ಕನ್ನಡ ಬಲ್ಲವರನ್ನೇ ನೇಮಿಸಿರೆಂಬ ಸಂಘದ ಮನವಿಗೆ ತಪ್ಪದೆ ಸಹಿ ಹಾಕಿ. ಮನೆಯಲ್ಲಿ ಮಕ್ಕಳಿಗೆ ಹಲಸು, ಕಾಸರಕ, ಬೈನೆ ಮರಗಳನ್ನು ತೋರಿಸಿ ಹೆಸರು ಹೇಳಿಕೊಡಿ. ಹೆಸರು ಗೊತ್ತಿರುವ ಮರವನ್ನು ಮಗು ನಿಂತು ನೋಡುತ್ತದೆ.