ಮಕ್ಕಳ ಕೈಗೆ ತಮಟೆ ಕೊಡುವ ಮುನ್ನ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಭಾನುವಾರ ನಮ್ಮ ಕೇರಿಯ ಚಿಕ್ಕ ಮಕ್ಕಳಿಗೆ ಲೆಕ್ಕ, ಇಂಗ್ಲಿಷ್ ಹೇಳಿಕೊಡೋದಕ್ಕೆ ನಿಮ್ಮಲ್ಲಿ ಹಲವರು ಬರುತ್ತಿದ್ದೀರಿ. ಅದರ ಜೊತೆಗೆ ಒಂದು ಗಂಟೆ ತಾಳದ ಪಾಠವೂ ಇರಲಿ, ಅದನ್ನು ತಮಟೆಯಲ್ಲೇ ಕಲಿಸೋಣ ಅಂತ ನಾವು ತೀರ್ಮಾನಿಸಿದಾಗ ಮೊದಲು ಬೇಡ ಅಂದವರು ನಮ್ಮ ತಾಯಂದಿರೇ. ಹಲಸೂರಿನ ಒಬ್ಬ ತಾಯಿ ನೇರವಾಗಿ ಕೇಳಿದರು: "ನಮ್ ಮಾವ ಹೆಣದ ಮುಂದೆ ಬಡಿದೂ ಬಡಿದೂ ಸತ್ರು. ನನ್ ಮಗೀಗೂ ಅದನ್ನೇ ಕೊಡ್ತೀರಾ? ಕೊಡೋದಾದ್ರೆ ಕೀಬೋರ್ಡ್ ಕೊಡಿ."

ಈ ಮಾತಿಗೆ ಉತ್ತರ ಹೇಳದೆ ಮಕ್ಕಳ ಕೈಗೆ ತಮಟೆ ಕೊಡುವ ಹಕ್ಕು ನಮಗಿಲ್ಲ.

ಆಕೆ ಹೇಳಿದ್ದರಲ್ಲಿ ಸುಳ್ಳೇನಿದೆ? ಊರಿನವರ ಪಾಲಿಗೆ ತಮಟೆ ಒಂದು ಚಾಕರಿ. ಸಾವಿಗೆ ಬಾರಿಸು, ಜಾತ್ರೆಗೆ ಬಾರಿಸು, ಬೀದಿ ಬೀದಿ ಸಾರು. ದೇವರು ಗುಡಿಯೊಳಗೆ, ಬಾರಿಸುವವನು ಗುಡಿಯಾಚೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದ ಮೇಲೆ ತಮಿಳು ಸೀಮೆ, ತೆಲುಗು ಸೀಮೆಗಳಿಂದ ಕೂಲಿಗೆ ಬಂದ ಜನ ತಮ್ಮ ವಾದ್ಯವನ್ನೂ ಅದರ ಹೆಸರನ್ನೂ ತಂದರು. ತಮಿಳಿನಲ್ಲಿ ಪರೈ, ತೆಲುಗಿನಲ್ಲಿ ಡಪ್ಪು, ನಮ್ಮಲ್ಲಿ ತಮಟೆ, ಹಲಗೆ. ಪರೈ ಬಾರಿಸುವವರಿಗೆ ಪರೈಯರ್ ಅಂತ ಜಾತಿಯ ಹೆಸರು ಬಂತು. ಆ ಹೆಸರನ್ನು ಇಂಗ್ಲಿಷರು 'ಪರಿಯಾ' ಮಾಡಿ, ಬಹಿಷ್ಕೃತ ಅನ್ನುವ ಅರ್ಥ ಕೊಟ್ಟು ನಿಘಂಟಿಗೆ ಸೇರಿಸಿಕೊಂಡರು. ವೀಣೆಗೆ ಈ ಗತಿ ಬಂದಿದೆಯೆ?

ಚರ್ಮ ಮೈಲಿಗೆ ಅಂತಾರೆ. ಹಾಗಾದರೆ ಮೃದಂಗದ ಮುಚ್ಚಿಗೆ ಯಾವುದರದ್ದು? ಹಸು, ಎಮ್ಮೆ, ಮೇಕೆಯದ್ದೇ. ಟಿ.ಎಂ. ಕೃಷ್ಣ ಅವರು 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನುವ ಪುಸ್ತಕ ಬರೆದು, ಮೃದಂಗ ಕಟ್ಟಿಕೊಟ್ಟ ದಲಿತ ಕ್ರೈಸ್ತ ಕುಟುಂಬಗಳ ಕಥೆ ಹೇಳಿದರು. ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ಪಡೆಯಿತು. ಬಾರಿಸಿದವರು ವಿದ್ವಾಂಸರು, ಕಟ್ಟಿದವರ ಹೆಸರು ಹೇಳಿದರೆ ಬಾಗಿಲು ಬಂದ್.

ಇನ್ನು ಪಾಠದ ಮಾತು. ಐದಾರು ವರ್ಷದ ಮಗುವಿಗೆ ಮೊದಲ ದಿನವೇ ಕೋಲು ಕೊಡಬೇಡಿ. ಕೊಟ್ಟರೆ ಬಡಿಯುತ್ತೆ, ಬಾರಿಸೋದಿಲ್ಲ. ಮೊದಲು ಕಾಲು, ಆಮೇಲೆ ಬಾಯಿ, ಆಮೇಲೆ ಚಪ್ಪಾಳೆ. ಹೈಸ್ಕೂಲಿನಲ್ಲಿ ಲಘು-ಗುರು ಪ್ರಸ್ತಾರ ಹಾಕಿ ಹಾಕಿ ನೀವೆಲ್ಲ ಬೇಸತ್ತವರೇ. ಅದು ಈಗ ಕೆಲಸಕ್ಕೆ ಬರುತ್ತೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 'ದಂಡು' ಅನ್ನಿ, ಮೂರು ಮಾತ್ರೆ: ತಕಿಟ. 'ಹಲಸೂರು' ಅನ್ನಿ, ಐದು: ತಕ ತಕಿಟ. 'ಶಿವಾಜಿನಗರ' ಏಳು: ತಕಿಟ ತಕಧಿಮಿ. 'ಇಂದಿರಾನಗರ' ಆದಿತಾಳದ ಹಾಗೆ ಎಂಟು, ಆದರೆ ಬಾಯಲ್ಲಿ ಮೂರು, ಮೂರು, ಎರಡಾಗಿ ಒಡೆಯುತ್ತೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳಿಗೂ ಬಸ್ಸಿನ ಬೋರ್ಡಿನ ಈ ಹೆಸರುಗಳು ಗೊತ್ತು. ಒಂದು ಗುಂಪು ಹಲಸೂರಿನಲ್ಲಿ ನಡೆಯಲಿ, ಇನ್ನೊಂದು ಶಿವಾಜಿನಗರದಲ್ಲಿ. ಎರಡೂ ಒಟ್ಟಿಗೆ ಹೊರಟರೆ ಮೂವತ್ತೈದನೇ ಮಾತ್ರೆ ಮುಗಿದ ಮೇಲೆ ಮತ್ತೆ ಒಟ್ಟಿಗೆ ಮೊದಲಾಗುತ್ತವೆ. ಅಲ್ಲಿ ಮಕ್ಕಳು ಕೂಗೋ ಕೂಗು ನೀವು ಕೇಳಬೇಕು! ಲೆಕ್ಕದ ಪಾಠವೂ ಅಲ್ಲೇ ಆಯಿತು.

ಮೂರಕ್ಕೆ ತಿಶ್ರ, ಐದಕ್ಕೆ ಖಂಡ, ಏಳಕ್ಕೆ ಮಿಶ್ರ ಅಂತ ಹೆಸರನ್ನೂ ಹೇಳಿಕೊಡಿ. ಇಲ್ಲದಿದ್ದರೆ ನಾಳೆ ಯಾರಾದರೂ 'ಇವನಿಗೆ ಕೈ ಇದೆ, ಶಾಸ್ತ್ರ ಇಲ್ಲ' ಅಂತ ಪಕ್ಕಕ್ಕೆ ಕೂರಿಸುತ್ತಾರೆ.

ಆಮೇಲೆ ಕೋಲು. ಬಲಗೈಗೆ ಗಿಡ್ಡ ದಪ್ಪ ಕೋಲು, ಎಡಗೈಗೆ ಉದ್ದನೆಯ ತೆಳು ಬಿದಿರ ಸೀಳು. ದಪ್ಪನೆಯದು ಒತ್ತು ಕೊಡುತ್ತೆ, ಸೀಳು ನಡುವಿನ ಸಣ್ಣ ಸದ್ದು ತುಂಬುತ್ತೆ. ಸೀಳಿನ ಕೈ ಮಕ್ಕಳಿಗೆ ಬೇಗ ಕೂರೋದಿಲ್ಲ, ಅದನ್ನೊಂದನ್ನೇ ಬೇರೆ ಅಭ್ಯಾಸ ಮಾಡಿಸಿ. ದೊಡ್ಡವರ ತಮಟೆ ಹೆಗಲಿಗೆ ಭಾರ, ಬೆಂಚಿಗೆ ಒರಗಿಸಿ. ಚಿಕ್ಕ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಬೇಡ, ಕಿವಿಗೆ ಕೆಟ್ಟದ್ದು. ಒಬ್ಬರು ಬಾರಿಸಲಿ, ಉಳಿದವರು ಬಾಯಲ್ಲಿ ಹೇಳಲಿ. ಚರ್ಮ ತೇವಕ್ಕೆ ಸಡಿಲ, ಬೆಂಕಿಯ ಕಾವಿಗೆ ಬಿಗಿ. ಕಾಯಿಸುವ ಮುಂಚಿನ ಸದ್ದು, ಆಮೇಲಿನ ಸದ್ದು ಎರಡನ್ನೂ ಕೇಳಿಸಿ. ಈಗ ಪ್ಲಾಸ್ಟಿಕ್ ಹಾಳೆಯ ತಮಟೆ ಸಿಗುತ್ತೆ, ಕಾಯಿಸುವ ಗೋಜಿಲ್ಲ. ಅಭ್ಯಾಸಕ್ಕೆ ಸಾಕು. ಆದರೂ ಕಿವಿ ಹದವಾಗೋದು ಚರ್ಮದಲ್ಲೇ ಅನ್ನೋದು ನಮ್ಮ ಅಭಿಪ್ರಾಯ.

ಆ ತಾಯಿಗೆ ನಾವು ಒಪ್ಪಿಕೊಂಡ ಕರಾರು ಇಷ್ಟು. ನಮ್ಮಲ್ಲಿ ಕಲಿತ ಮಗುವನ್ನು ಯಾರ ಸಾವಿಗೂ, ಯಾವ ಉತ್ಸವಕ್ಕೂ ಬಾರಿಸೋದಕ್ಕೆ ಕಳಿಸೋದಿಲ್ಲ. ಶಾಲೆಯವರು ಉಳಿದ ಮಕ್ಕಳಿಗೆ ಬ್ಯಾಂಡು ಕೊಟ್ಟು ನಮ್ಮ ಮಕ್ಕಳಿಗೆ ಮಾತ್ರ 'ನೀವು ತಮಟೆ ಬಾರಿಸಿ' ಅಂದರೆ ಒಪ್ಪೋದಿಲ್ಲ. ಕೀಬೋರ್ಡ್ ಬೇಕೆಂದ ಮಗುವಿಗೆ ಅದನ್ನೂ ಹುಡುಕುತ್ತೇವೆ. ಹುಡುಗಿಯರೂ ಕಲಿಯುತ್ತಾರೆ, ದಿಂಡಿಗಲ್ಲಿನ ಶಕ್ತಿ ಜಾನಪದ ಕೇಂದ್ರದಲ್ಲಿ ದಲಿತ ಹುಡುಗಿಯರು ಪರೈ ಬಾರಿಸಿ ಕುಣಿಯುತ್ತ ಊರೂರು ಸುತ್ತಿದ್ದಾರೆ. ಹೇಳಿಕೊಡಲು ಬರುವ ಕೇರಿಯ ಹಿರಿಯರನ್ನು ಮಕ್ಕಳು ಮೇಷ್ಟ್ರೇ ಅಂತಲೇ ಕರೆಯಬೇಕು, ಅವರಿಗೆ ಸಂಬಳ ಕೊಡಬೇಕು, ಕುಡಿಸಿ ಕಳಿಸೋ ಪದ್ಧತಿ ಬೇಡ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಇಂದಿರಾನಗರದ ಸಂಗೀತದ ಕ್ಲಾಸಿಗೆ ಮಗುವನ್ನು ಕಳಿಸುವ ಎಷ್ಟು ಮನೆಗಳು ತಮಟೆ ಕಲಿಸಿ ಅಂತ ಕೇಳಿವೆ? ಅವರ ಮಕ್ಕಳೂ ಬರಲಿ, ನಮ್ಮ ಚಾಪೆಯ ಮೇಲೆ ಕೂರಲಿ, ಚರ್ಮ ಕಾಯಿಸಲಿ. ಬೇಡ ಅನ್ನೋದಿಲ್ಲ.

ಮುಂದಿನ ಭಾನುವಾರಕ್ಕೆ ಹತ್ತು ಜೊತೆ ಕೋಲು ಬೇಕು, ಮಕ್ಕಳ ಹಿಡಿಗೆ ತಕ್ಕಷ್ಟು ಗಿಡ್ಡ. ಹಾಸ್ಟೆಲಿನ ಅಡುಗೆಮನೆಯಲ್ಲಿ ಖಾಲಿ ಎಣ್ಣೆ ಡಬ್ಬ ಇದ್ದರೆ ಕೇಳಿ ತನ್ನಿ, ಅಂಚು ತಟ್ಟಿ ಮಡಚಿ ತನ್ನಿ, ಕೈ ಕುಯ್ಯುತ್ತೆ.